ತಳ್ಳುವ ಹಕ್ಕು

ವಾರ್ಗೊ ಮನೆಯವರು ಸಂಜೆ ನಾಲ್ಕೂವರೆಗೆಲ್ಲ ರಾತ್ರಿಯೂಟಕ್ಕೆ ಕೂರುತ್ತಿದ್ದರು. ಆ ಬೀದಿಯ ಎಲ್ಲ ಮನೆಗಳಲ್ಲೂ ಅಷ್ಟೇ. ಕಬ್ಬಿಣದ ಎರಕ ಹೊಯ್ಯುವ ಫೌಂಡ್ರಿಯ ಮೊದಲ ಪಾಳಿ ಮೂರೂವರೆಗೆ ಬಿಡುತ್ತದೆ, ಬಿಟ್ಟವರು ಹಸಿದೇ ಬರುತ್ತಾರೆ, ಹಸಿದವರ ಮುಂದೆ ಗಡಿಯಾರದ ಆಟ ನಡೆಯುವುದಿಲ್ಲ. ತೆಂಕಣದ ಗುಡ್ಡಗಳಿಂದ ಕಲ್ಲಿದ್ದಲು ರೈಲಿನಲ್ಲಿ ಬರಬೇಕು, ಬಡಗಣದಿಂದ ಅದಿರೂ ಸುಣ್ಣದ ಕಲ್ಲೂ ಹಡಗಿನಲ್ಲಿ ಬರಬೇಕು, ಎರಡೂ ಸೇರುವ ಕಡೆ ಬೆಂಕಿ ಉರಿಯಬೇಕು. ಈರಿ ಸರೋವರದ ದಡದ ಹಾರ್ಮನ್ ಬಂದರಿನಲ್ಲಿ ಆ ಬೆಂಕಿ ನೂರು ವರ್ಷದಿಂದ ಆರಿಲ್ಲ, ಊರಿನ ಊಟ ನಿದ್ದೆಗಳೆಲ್ಲ ಅದರ ಸೈರನ್ ಕೂಗಿದ ಹಾಗೆ.

ಏಪ್ರಿಲ್ ಕೊನೆಯ ಆ ಗುರುವಾರ ಮಾರ್ಲೀನ್ ಹಂಗೇರಿಯ ಕೋಳಿ ಸಾರು ಪಪ್ರಿಕಾಶ್ ಮಾಡಿದ್ದಳು. ಮಾಡಿದ್ದಳು ಎನ್ನುವುದಕ್ಕಿಂತ ಅತ್ತೆ ಕುರ್ಚಿಯಲ್ಲಿ ಕೂತು ಮಾಡಿಸಿದ್ದಳು ಎನ್ನುವುದೇ ಸರಿ. ಎಂಬತ್ತೆರಡರ ಇಲೋನಾ ಅಜ್ಜಿಗೆ ಒಲೆಯ ಮುಂದೆ ನಿಲ್ಲುವ ತ್ರಾಣ ಹೋಗಿದೆ. ಕೆಂಪು ಮೆಣಸಿನ ಪುಡಿ ಎಷ್ಟು ಬಿತ್ತು ಎಂದು ವಾಸನೆಯಲ್ಲೇ ಹೇಳುವ ಮೂಗು ಮಾತ್ರ ಹಂಗೇರಿಯಿಂದ ಬಂದಾಗ ಹೇಗಿತ್ತೋ ಹಾಗೇ ಇದೆ. ಮಾರ್ಲೀನ್ ಬೆಳಿಗ್ಗೆ ಮಧ್ಯಾಹ್ನ ಶಾಲೆಯ ಬಸ್ಸು ಓಡಿಸಿ, ನಡುವೆ ಮನೆಗೆ ಬಂದು ಅತ್ತೆಯ ಕೈಯಾಗಿ ದುಡಿಯುತ್ತಿದ್ದಳು. ಎರಡೂ ಕಡೆ ಬೈಸಿಕೊಳ್ಳುವುದು ಅಭ್ಯಾಸವಾಗಿತ್ತು.

"ಕೋರ್ ಶಾಪ್ ಮುಚ್ತಾರಂತೆ," ಎಂದ ಗಂಡ ಎರ್ನಿ. ಉಪ್ಪು ಈ ಕಡೆ ಕೊಡು ಎನ್ನುವ ದನಿಯಲ್ಲೇ ಎಂದ.

ಮೇಜಿನ ಸುತ್ತ ಎಲ್ಲರ ಕೈ ನಿಂತಿತು. ಕೋರ್ ಎಂದರೆ ಕಬ್ಬಿಣ ಹೊಯ್ಯುವ ಅಚ್ಚಿನೊಳಗೆ ಇಡುವ ಮರಳಿನ ಗಟ್ಟಿ. ಲಾರಿಯ ಬ್ರೇಕ್ ಡ್ರಮ್ಮಿನ ಹೊಟ್ಟೆ ಟೊಳ್ಳಾಗುವುದು ಅದರಿಂದ. ಎರ್ನಿ ಇಪ್ಪತ್ತೆಂಟು ವರ್ಷ ಏಳು ತಿಂಗಳಿಂದ ಮಾಡಿಕೊಂಡು ಬಂದದ್ದು ಅದನ್ನೇ.

"ಮುಚ್ಚಿದ್ರೆ ಕೋರ್ ಎಲ್ಲಿಂದ ಬರುತ್ತೆ?" ಎಂದು ಕೇಳಿದಳು ಮಗಳು ಕೆಲ್ಸಿ. ಅವಳೂ ಅದೇ ಫೌಂಡ್ರಿಯವಳು. ಮದುವೆ ಮುರಿದುಕೊಂಡು ಮನೆಗೆ ಬಂದವಳು ಮೂರು ವರ್ಷದಿಂದ ಅಲ್ಲಿ ಕ್ರೇನ್ ಓಡಿಸುತ್ತಿದ್ದಳು.

"ಇಂಡಿಯಾನಾದಿಂದ ಲಾರೀಲಿ ಬರುತ್ತಂತೆ. ಮರಳು ನಮ್ಮ ಕಡೆಯಿಂದ್ಲೇ ಹೋಗುತ್ತೆ."

"ನಮ್ಮ ಕೆರೆ ಮರಳು ಅಲ್ಲಿಗೆ ಹೋಗಿ ಸ್ನಾನ ಮಾಡ್ಕೊಂಡು ಬರುತ್ತಾ?" ಎಂದಳು ಅಜ್ಜಿ. "ಹೋಗ್ಲಿ, ನಿನ್ನನ್ನೇನು ಮಾಡ್ತಾರೋ?"

"ನನ್ನನ್ನೇನ್ ಮಾಡಕ್ಕಾಗುತ್ತಮ್ಮ? ಸೀನಿಯಾರಿಟಿ ಇದೆ. ಸೋಮವಾರದೊಳಗೆ ಯಾವ ಕೆಲಸಕ್ಕೆ ಹೋಗ್ತೀನಿ ಅಂತ ಬರ್ಕೊಡ್ಬೇಕು. ಒಂದೇ ಹೆಸರು. ಬರೆದ್ಮೇಲೆ ಬದಲಾಯ್ಸೋ ಹಾಗಿಲ್ಲ."

ಒಂದು ವಿಭಾಗ ಮುಚ್ಚಿದರೆ ಅಲ್ಲಿನ ಹಳಬ ಬೇರೆ ಕಡೆಯ ಹೊಸಬನ ಕೆಲಸ ತೆಗೆದುಕೊಳ್ಳಬಹುದು. ಆ ಹೊಸಬ ತನಗಿಂತ ಹೊಸಬನದನ್ನು. ಕೊನೆಗೆ ಉಳಿದವನು ಮನೆಗೆ. ಇದಕ್ಕೆ ಫೌಂಡ್ರಿಯವರ ಮಾತಿನಲ್ಲಿ ತಳ್ಳುವುದು ಎಂದೇ ಹೆಸರು. ತಳ್ಳುವುದಕ್ಕೂ ಒಂದು ಮರ್ಯಾದೆಯಿದೆ: ತಳ್ಳುವವನು ತಳ್ಳಿಸಿಕೊಳ್ಳುವವನ ಹತ್ತಿರ ಮೊದಲೇ ಮಾತಾಡಬಾರದು. ಹೇಳಿದರೆ ಬೆದರಿಸಿದ ಹಾಗೆ, ಕೇಳಿದರೆ ಬೇಡಿಕೊಂಡ ಹಾಗೆ. ಗೋಡೆಯ ಪಟ್ಟಿ ನೋಡಿ, ಚೀಟಿ ಬರೆದು, ತಲೆ ತಗ್ಗಿಸಿ ಬಂದುಬಿಡಬೇಕು. ಆ ನಿಯಮ ಬಂದ ದಿನದಿಂದಲೂ ಹೀಗೇ.

"ಅಪ್ಪಾ, ನನ್ನ ಕ್ರೇನ್ ಮೇಲೆ ಕಣ್ಣು ಹಾಕ್ಬೇಡ ಮತ್ತೆ," ಎಂದು ಕೆಲ್ಸಿ ನಕ್ಕಳು.

"ನಿನ್ನ ಕ್ರೇನ್‌ಗೆ ನಲವತ್ತು ಮೆಟ್ಲು. ನನ್ನ ಮಂಡಿ ನೋಡಿದ್ಯಾ? ಮರಳಂಗಳದ ಲೋಡರ್ ಗಾಡಿ ತಗೋತೀನಿ. ಹಗಲು ಪಾಳಿ. ಕ್ಯಾಬಿನ್‌ನಲ್ಲಿ ಹೀಟರ್ ಇದೆ."

"ಅದು ಯಾರದು?" ಎಂದಳು ಮಾರ್ಲೀನ್.

"ಡ್ವೇನ್ ಟ್ಯಾಕೆಟ್ ಅಂತ. ಕೆಂಟಕಿ ಕಡೆಯೋನು. ಆರು ವರ್ಷ ಆಗಿದೆ ಅಷ್ಟೇ."

ಮಾರ್ಲೀನ್‌ಗೆ ಡ್ವೇನ್ ಗೊತ್ತಿರಲಿಲ್ಲ, ಅವನ ಇಬ್ಬರು ಹೆಣ್ಣುಮಕ್ಕಳು ಗೊತ್ತಿದ್ದರು. ಕಲ್ಲುಗಣಿಯ ಪಕ್ಕದ ಟ್ರೇಲರ್ ಮನೆಗಳ ನಿಲ್ದಾಣದಲ್ಲಿ ದಿನಾ ಬೆಳಿಗ್ಗೆ ಒಂದೇ ಕೊಡೆಯಡಿ ನಿಂತಿರುತ್ತಿದ್ದವು ಅವು.

"ಅವನೆಲ್ಲಿಗೆ ಹೋಗ್ತಾನೆ?"

"ರಾತ್ರಿ ಪಾಳೀಲಿ ಎರಕ ಉಜ್ಜೋ ಗ್ರೈಂಡಿಂಗ್‌ಗೆ. ಅಲ್ಲಿ ಹೊಸ ಹುಡುಗರಿದಾರೆ, ಯಾರಾದ್ರೂ ಒಬ್ಬ ಮನೆಗೆ ಹೋಗ್ತಾನೆ. ಹೆಂಡ್ತಿ ಇಲ್ಲ, ಮಕ್ಕಳಿಲ್ಲ, ಇನ್ನೊಂದು ಕಡೆ ಸೇರ್ಕೋತಾನೆ."

"ಅವನು ಕ್ರೇನ್‌ಗೆ ಬಂದ್ರೆ?" ಕೆಲ್ಸಿಯ ನಗು ಅಷ್ಟರಲ್ಲಿ ಮಾಯವಾಗಿತ್ತು.

"ಕ್ರೇನ್‌ಗೆ ಲೈಸೆನ್ಸ್ ಕಾರ್ಡ್ ಬೇಕು ಕಣೆ. ಮರಳು ತೋಡೋನಿಗೆ ಎಲ್ಲಿಂದ ಬಂತು ಕಾರ್ಡು? ಅದನ್ನ ನೋಡ್ಕೊಂಡೇ ಅವನ ಹೆಸರು ಹುಡುಕಿದ್ದು. ಅಲ್ಲಿ ಯಾರಿಗೆ ಏನು ಬರುತ್ತೆ ಅಂತ ನಂಗೊತ್ತಿಲ್ವಾ?"

"ಒಂದ್ಮಾತು ಕೇಳಿಬಿಡು ಎರ್ನಿ," ಎಂದಳು ಮಾರ್ಲೀನ್.

"ಕೇಳೋ ಹಾಗಿಲ್ಲ."

"ಗೊತ್ತಿದೆ ಅನ್ನೋನ ಹತ್ರ ಎರಡು ಸಲ ಕೇಳು ಅಂತಿದ್ದ ನಿಮ್ಮಪ್ಪ," ಎಂದಳು ಅಜ್ಜಿ.

ಎರ್ನಿಗೆ ಇನ್ನು ಬೇಕಾಗಿದ್ದದ್ದು ಹದಿನೇಳು ತಿಂಗಳು. ಮೂವತ್ತು ವರ್ಷ ತುಂಬಿದವನಿಗೆ ಪೂರ್ತಿ ಪಿಂಚಣಿ, ಒಂದು ದಿನ ಕಡಿಮೆಯಾದರೂ ಅರವತ್ತೈದರ ತನಕ ಕಾದು ಅರ್ಧಕ್ಕೂ ಕಡಿಮೆ. ಕೆಲ್ಸಿಗೆ ಬೇಕಾಗಿದ್ದದ್ದು ಏಳು ವಾರ. ಫೌಂಡ್ರಿಯ ಎಲೆಕ್ಟ್ರಿಷಿಯನ್ ತರಬೇತಿಯ ಪರೀಕ್ಷೆಯಲ್ಲಿ ಅವಳು ಪಾಸಾಗಿದ್ದಳು. ನಾಲ್ಕು ವರ್ಷ ಕಲಿತರೆ ಇಡೀ ದೇಶದಲ್ಲಿ ಎಲ್ಲಿ ಬೇಕಾದರೂ ಅನ್ನ ಹುಟ್ಟುವ ವಿದ್ಯೆ. ಆಯ್ಕೆ ಜೂನ್ ಹದಿನೈದಕ್ಕೆ. ಆ ದಿನ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ ಮಾತ್ರ. ಲೇ-ಆಫ್ ಆದವರ ಹೆಸರು ತಾನಾಗಿಯೇ ಬಿದ್ದುಹೋಗುತ್ತದೆ.

ಮುಂದಿನ ವಾರ ಬುಧವಾರ ಮಧ್ಯಾಹ್ನ ಮಾರ್ಲೀನ್ ಎಲೆಕೋಸು ಹೆಚ್ಚುತ್ತಿದ್ದಾಗ ಹಿಂಬಾಗಿಲು ದಡಾರನೆ ತೆರೆಯಿತು. ಕೆಲ್ಸಿ ಒಳಗೆ ಬಂದು ಹೆಲ್ಮೆಟ್ಟು, ಬೂಟು, ಕೈಗವಸು ತುಂಬಿದ ಚೀಲವನ್ನು ನೆಲದ ಮೇಲೆ ಹಾಕಿದಳು.

"ಡ್ವೇನ್‌ಗೆ ಕಾರ್ಡ್ ಇದೆ," ಎಂದಳು.

"ಏನಂದೆ?"

"ಕ್ರೇನ್ ಕಾರ್ಡ್. ಫೌಂಡ್ರಿಗೆ ಬರೋ ಮುಂಚೆ ನಾಲ್ಕು ವರ್ಷ ಕಲ್ಲಿನ ಧಕ್ಕೇಲಿ ಕ್ರೇನ್ ಓಡಿಸ್ತಿದ್ನಂತೆ. ಯಾರೂ ಕೇಳ್ಲಿಲ್ಲ, ಅವನೂ ಹೇಳ್ಲಿಲ್ಲ. ಅಪ್ಪ ಅವನನ್ನ ತಳ್ದ, ಅವನು ನನ್ನ ತಳ್ದ. ಗ್ರೈಂಡಿಂಗ್ ಹುಡುಗರೂ ನಂಗಿಂತ ಹಳಬರೇ. ನಂಗಿಂತ ಹೊಸಬರು ಮೂರೇ ಜನ, ಮೂವರೂ ಕುಲುಮೇಲಿ. ಆ ಕೆಲಸ ನಂಗೆ ಬರಲ್ಲ. ಮುಗೀತು."

ಇಲೋನಾ ಅಜ್ಜಿ ಕುರ್ಚಿಯಿಂದ ಕೈ ಚಾಚಿದಳು. ಕೆಲ್ಸಿ ಹತ್ತಿರ ಹೋಗಲಿಲ್ಲ.

ನಾಲ್ಕಕ್ಕೆ ಎರ್ನಿ ಬಂದ. ಅವನಿಗೂ ಗೇಟಿನಲ್ಲೇ ತಿಳಿದಿತ್ತು. ಟೋಪಿ ತೆಗೆಯದೆ ಅಡುಗೆಮನೆಯ ನಡುವೆ ನಿಂತುಬಿಟ್ಟ.

"ನಂಗೆ ಗೊತ್ತಿರ್ಲಿಲ್ಲ," ಎಂದ.

"ಗ್ರೈಂಡಿಂಗ್ ತಗೋಬಹುದಿತ್ತು ನೀನು."

"ರಾತ್ರಿಯೆಲ್ಲ ನಿಂತ್ಕೊಂಡು? ಈ ಮಂಡಿ ಇಟ್ಕೊಂಡು?"

"ಹೀಟರ್ ಇರೋ ಕ್ಯಾಬಿನ್ ಬೇಕಿತ್ತು ನಿಂಗೆ."

"ಬೇಕಿತ್ತು! ಐವತ್ತೆಂಟು ವರ್ಷ ಆಯ್ತು ನಂಗೆ. ಬೇಕಿತ್ತು ಅಂದ್ರೆ ತಪ್ಪಾ?"

"ಮಗಳನ್ನ ತಳ್ಳಿ?"

"ನಿನ್ನ ತಳ್ಳಿಲ್ಲ ನಾನು! ನಿಂಗೆ ತಾಗ್ಬಾರ್ದು ಅಂತಾನೇ ಅವನನ್ನ ಹುಡುಕಿದ್ದು!"

"ತಾಗ್ತಲ್ಲ. ಎಂಥಾ ಹಾಳು ನಿಯಮ ಅಪ್ಪ ಇದು? ನಾನು ಚೆನ್ನಾಗಿ ಕೆಲಸ ಮಾಡ್ತೀನಾ ಇಲ್ವಾ ಅಂತ ಯಾರೂ ಕೇಳೋದೇ ಇಲ್ಲ."

ಎರ್ನಿಯ ಮುಖ ಕೆಂಪಾಯಿತು. "ಆ ಹಾಳು ನಿಯಮಕ್ಕೋಸ್ಕರ ಮುಷ್ಕರ ಮಾಡಿ ಹನ್ನೊಂದು ವಾರ ಗೇಟ್ ಮುಂದೆ ಹಿಮದಲ್ಲಿ ನಿಂತಿದ್ದೆ ಕಣೆ. ಅದಕ್ಕೆ ಮುಂಚೆ ಫೋರ್‌ಮನ್ ಅಳಿಯ ಆದ್ರೆ ಕೆಲಸ, ಫೋರ್‌ಮನ್ ಜತೆ ಕುಡೀದೇ ಇದ್ರೆ ಮನೆಗೆ. ಆ ಹನ್ನೊಂದು ವಾರ ಈ ಒಲೆ ಮೇಲೆ ಜಿಂಕೆ ಮಾಂಸ, ಕೆರೆ ಮೀನು ಬಿಟ್ಟು ಬೇರೇನೂ ಬೇಯ್ಲಿಲ್ಲ. ನೀನು ತೊಟ್ಟಿಲಲ್ಲಿದ್ದೆ. ನಿಮ್ಮಮ್ಮನ್ನ ಕೇಳು."

ಕೆಲ್ಸಿ ಅಮ್ಮನ ಕಡೆ ನೋಡಿದಳು. ಎರ್ನಿಯೂ ನೋಡಿದ. ಮಾರ್ಲೀನ್‌ಗೆ ಎಲೆಕೋಸು ಬಿಟ್ಟರೆ ನೋಡಲು ಬೇರೇನೂ ಸಿಗಲಿಲ್ಲ. ಇಬ್ಬರ ಮಾತೂ ಸರಿಯಾಗಿತ್ತು. ತಪ್ಪು ಮಾಡಿದವನ ಜತೆ ಬಾಳುವೆ ಮಾಡಬಹುದು, ಸರಿಯಿರುವ ಇಬ್ಬರ ನಡುವೆ ಸಿಕ್ಕವರಷ್ಟು ಪಾಪದವರು ಲೋಕದಲ್ಲಿಲ್ಲ. "ಊಟಕ್ಕೆ ಕೂತ್ಕೊಳಿ," ಎಂದಳು. ಕೆಲ್ಸಿ ಕೂರಲಿಲ್ಲ.

ಅಲ್ಲಿಂದ ಮೂರು ವಾರ ಆ ಮನೆಯಲ್ಲಿ ಎರಡು ಅಡುಗೆ ಅಲ್ಲದಿದ್ದರೂ ಎರಡು ಊಟ. ಕೆಲ್ಸಿ ಬಂದರಿನ ಮೀನಿನ ಶೆಡ್ಡಿನಲ್ಲಿ ಕೆಲಸ ಹಿಡಿದಳು. ದಿನವಿಡೀ ಪರ್ಚ್ ಮೀನು ಸೀಳಿ, ಮುಳ್ಳು ತೆಗೆದು, ಮಂಜುಗಡ್ಡೆಯ ಮೇಲೆ ಜೋಡಿಸುವುದು. ಆರು ಗಂಟೆಗೆ ಬಂದು, ಮುಚ್ಚಿಟ್ಟ ತಟ್ಟೆ ತೆಗೆದು, ಸಿಂಕಿನ ಪಕ್ಕ ನಿಂತುಕೊಂಡೇ ತಿನ್ನುವಳು. ಅಷ್ಟೊತ್ತಿಗೆ ಎರ್ನಿ ನೆಲಮಾಳಿಗೆಗೆ ಇಳಿದು ಏನನ್ನಾದರೂ ಬಿಚ್ಚಿ ಜೋಡಿಸುತ್ತಿರುವನು. ತನ್ನ ಬಟ್ಟೆ ತಾನೇ ಒಗೆದುಕೊಳ್ಳತೊಡಗಿದಳು. ಕಸದ ಡಬ್ಬಿ ಹೊರಗಿಡುವುದು ಅವಳ ಕೆಲಸವಾಗಿತ್ತು. ಒಂದು ವಾರ ಅವಳೂ ಇಡಲಿಲ್ಲ, ಅವನೂ ಇಡಲಿಲ್ಲ. ಮಾರ್ಲೀನ್ ಬಸ್ಸಿನ ಸಮವಸ್ತ್ರದಲ್ಲೇ ಎಳೆದುಕೊಂಡು ಹೋದಳು.

"ಈ ಮನೇಲಿ ಬಾಯಿಗಿಂತ ಪಾತ್ರೆಗಳೇ ಜಾಸ್ತಿ ಮಾತಾಡ್ತವೆ," ಎಂದಳು ಅಜ್ಜಿ. ಶುಕ್ರವಾರ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರೆಲ್ಲ ಸೇರಿ ಮಾರಾಟಕ್ಕೆ ಶಾವಿಗೆ ಹೊಸೆಯುವುದು ವಾಡಿಕೆ. ಅಲ್ಲಿಂದ ಅವಳನ್ನು ಕಾರಿನಲ್ಲಿ ಕರೆತರುವಾಗ ಮಾರ್ಲೀನ್ ಕೇಳಿದಳು: "ಯಾಕತ್ತೆ, ಒಂಥರಾ ಇದೀರಾ?"

"ಆ ಪೀರೋಷ್ಕಾ ಇದಾಳಲ್ಲ, ಹಿಟ್ಟು ನಾದ್ತಾ ನಾದ್ತಾ ಕೇಳ್ತಾಳೆ, 'ಇಲೋನಾ, ನಿನ್ನ ಮಗ ನಿನ್ನ ಮೊಮ್ಮಗಳನ್ನೇ ತಳ್ಳಿದ್ನಂತೆ?' ಅಂತ."

"ನೀವೇನಂದ್ರಿ?"

"ನಿನ್ನ ಮಗ ಕೆಲಸಕ್ಕೆ ಹೋಗಿದ್ರೆ ತಾನೇ ಯಾರನ್ನಾದ್ರೂ ತಳ್ಳೋದು ಅಂದೆ." ಅಜ್ಜಿ ಕಿಟಕಿಯ ಕಡೆ ತಿರುಗಿದಳು. "ಅಂದೆ. ಆದ್ರೂ ಹೊಟ್ಟೆ ಉರೀತು ಕಣೆ."

ಬಸ್ಸಿನಲ್ಲಿ ಟ್ಯಾಕೆಟ್ ಹುಡುಗಿಯರಲ್ಲಿ ದೊಡ್ಡವಳು ಒಂದು ದಿನ ಮಾರ್ಲೀನ್‌ಳ ಹಿಂದಿನ ಸೀಟಿಗೆ ಬಂದು ಕೂತಳು. "ನಮ್ಮಪ್ಪ ಈಗ ಆಕಾಶದಲ್ಲಿ ಕೆಲಸ ಮಾಡ್ತಾನೆ, ಗೊತ್ತಾ?" ಎಂದಳು.

"ಹೌದಾ ಪುಟ್ಟಿ? ಖುಷಿನಾ ಅಪ್ಪಂಗೆ?"

"ಇಲ್ಲ. ಅವನಿಗೆ ಎತ್ತರ ಅಂದ್ರೆ ಭಯ. ಅಮ್ಮನ ಹತ್ರ ಹೇಳ್ತಿದ್ದ. ನಂಗೆ ಕೇಳಿಸ್ತು."

ಮಾರ್ಲೀನ್ ಇದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅಡಕತ್ತರಿಯಲ್ಲಿ ಸಿಕ್ಕಿಕೊಂಡವರು ಈಗಾಗಲೇ ಸಾಕಷ್ಟಿದ್ದರು.

ಮೇ ಕೊನೆಯ ಭಾನುವಾರ ಡ್ವೇನ್ ಟ್ಯಾಕೆಟ್ ತಾನೇ ಬಂದು ಬಾಗಿಲು ತಟ್ಟಿದ. ತೆಳ್ಳಗೆ ಉದ್ದಕ್ಕಿದ್ದ ಮನುಷ್ಯ, ಕೈಯಲ್ಲಿ ಕಾಗದದ ಚೀಲ. ಚೀಲದ ತುಂಬ ಕಾಡಿನ ಅಣಬೆ. ಬರಿಗೈಯಲ್ಲಿ ಬರಬಾರದೆಂದು ಬೆಳಗಿನಿಂದ ಹುಡುಕಿ ತಂದಂತಿತ್ತು, ಪ್ಯಾಂಟಿನ ಮಂಡಿಯಲ್ಲಿ ಒದ್ದೆಮಣ್ಣು.

"ಅಕ್ಕಾ, ಕೆಲ್ಸಿ ಇದಾರಾ?" ಎಂದ. ಎರ್ನಿ ಮುಂದೆ ಬಂದದ್ದನ್ನು ನೋಡಿ ತಡವರಿಸಿದ. "ಅಣ್ಣಾ, ಜಗಳಕ್ಕೆ ಬಂದಿಲ್ಲ."

"ಜಗಳ ಯಾಕೆ? ನೀನು ಮಾಡಿದ್ದು ಸರಿಯಾಗೇ ಇದೆ. ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ," ಎಂದ ಎರ್ನಿ. ದನಿ ಗಟ್ಟಿಯಾಗಿತ್ತು, ಕಣ್ಣು ಅಣಬೆಯ ಚೀಲದ ಮೇಲಿತ್ತು.

"ಗ್ರೈಂಡಿಂಗ್‌ಗೆ ಹೋಗೋಣ ಅಂದ್ರೆ ಹೆಂಡ್ತಿ ರಾತ್ರಿ ಪಾಳಿ ನರ್ಸು. ಮಕ್ಕಳನ್ನ ಯಾರ ಹತ್ರ ಬಿಡ್ಲಿ? ಅದಕ್ಕೇ ಕ್ರೇನ್ ಅಂದೆ. ಈಗ ನೋಡಿದ್ರೆ..." ಅವನು ಚೀಲವನ್ನು ಮಾರ್ಲೀನ್ ಕೈಗೆ ಕೊಟ್ಟ. "ಶುಕ್ರವಾರ ಕ್ರೇನಿಗೆ ನೇತುಹಾಕಿದ್ದ ಕೊಪ್ಪರಿಗೆ ನಿಲ್ಲಲಿಲ್ಲ ಅಣ್ಣಾ. ಕರಗಿದ ಕಬ್ಬಿಣ ಪೂರ್ತಿ ತುಂಬಿತ್ತು. ಬ್ರೇಕ್ ಒತ್ತಿದ್ರೂ ಮುಂದೆ ಹೋಯ್ತು. ಕೆಳಗೆ ಹನ್ನೆರಡು ಜನ ಇದ್ರು. ದೇವರು ದೊಡ್ಡೋನು, ಏನೂ ಆಗ್ಲಿಲ್ಲ. ರಿಪೇರಿಯವರು ಬಂದು ನೋಡಿ ಎಲ್ಲ ಸರಿಯಿದೆ ಅಂದ್ರು. ಕೆಲ್ಸಿ ಒಬ್ರಿಗೇ ಗೊತ್ತಿರುತ್ತೆ, ಕೇಳ್ಕೊಂಡು ಬರೋಣ ಅಂತ..."

ಮೆಟ್ಟಿಲ ಮೇಲೆ ಸದ್ದಾಯಿತು. ಕೆಲ್ಸಿ ಅರ್ಧ ಇಳಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಮಾರ್ಲೀನ್‌ಗೆ ಮಗಳ ನಾಲಿಗೆ ಗೊತ್ತಿತ್ತು, ಅದು ಅಜ್ಜಿಯಿಂದ ಬಂದದ್ದು.

ಕೆಲ್ಸಿ ಇಳಿದು ಬಂದು ಕುರ್ಚಿ ಎಳೆದು ಕೂತಳು. "ಅವತ್ತು ಕೆರೆ ಗಾಳಿ ಇತ್ತಾ?"

"ಹೂಂ. ಬೆಳಿಗ್ಗೆಯಿಂದ."

"ಅದೇ. ಬಡಗಣ ಗೋಡೆಯ ಕಿಟಕಿ ಒಡೆದಿದೆ, ಕೆರೆ ಗಾಳಿಗೆ ತೇವ ಬಂದು ಬ್ರೇಕ್ ಮೇಲೆ ಕೂರುತ್ತೆ. ಎರಡು ಸಲ ಬರೆದುಕೊಟ್ಟಿದೀನಿ. ಅಂಥ ದಿನ ಖಾಲಿ ಕೊಕ್ಕೆಲಿ ಮೊದಲು ನಾಲ್ಕು ಸಲ ಆ ಕಡೆ ಈ ಕಡೆ ಓಡ್ಸು, ಬ್ರೇಕ್ ಬಿಸಿಯಾಗ್ಲಿ. ತುಂಬಿದ ಮೇಲೆ ಒಂದೇ ಸಲ ಒತ್ಬೇಡ. ಎರಡು ಸಲ ಮೆಲ್ಲಗೆ ತಟ್ಟಿ, ಮೂರನೇ ಸಲ ಒತ್ತು." ಮೇಜಿನ ಮೇಲಿದ್ದ ಚಮಚಗಳನ್ನು ಹಳಿಯಂತೆ ಜೋಡಿಸಿದಳು. ಬಟ್ಟಲನ್ನು ಕೊಪ್ಪರಿಗೆ ಮಾಡಿದಳು. "ಇಲ್ಲಿ, ಮೂರನೇ ಕಂಬದ ಹತ್ರ, ಕೆಳಗೆ ನೋಡ್ಬೇಡ. ನೋಡಿದ್ರೆ ತಲೆ ತಿರುಗುತ್ತೆ. ಎದುರು ಗೋಡೆ ಗಡಿಯಾರ ನೋಡು. ನಂಗೂ ಮೊದಲ ತಿಂಗಳು ಭಯವೇ."

ಡ್ವೇನ್ ತಲೆಯಾಡಿಸಿದ. ಅವನ ಕಿವಿ ಕೆಂಪಾಗಿತ್ತು.

ಒಂದು ಗಂಟೆ ಹೇಳಿಕೊಟ್ಟಳು. ಹೇಳಿದ್ದನ್ನು ಅವನ ಬಾಯಲ್ಲಿ ಮತ್ತೆ ಹೇಳಿಸಿದಳು. ಎರ್ನಿ ಒಲೆಗೆ ಒರಗಿಕೊಂಡು ನೋಡುತ್ತಿದ್ದ. ಮಾರ್ಲೀನ್ ಅಣಬೆ ತೊಳೆದು ಬೆಣ್ಣೆಯಲ್ಲಿ ಹುರಿದಳು. ಎಲ್ಲರೂ ಒಂದೇ ಮೇಜಿಗೆ ಕೂತು ತಿಂದರು. ಅಣಬೆಗೆ ಉಪ್ಪು ಸಾಲದು ಎಂದಳು ಅಜ್ಜಿ.

ಮೂರು ದಿನ ಕಳೆದು ಎರ್ನಿ ಊಟವಾದ ಮೇಲೆ ಬಂದರಿನ ಕಲ್ಲುಕಟ್ಟೆಗೆ ಗಾಳ ಹಾಕಲು ಹೋದ. ಮೀನು ಹಿಡಿಯುವ ಮನಸ್ಸಿಲ್ಲದಾಗಲೇ ಅವನು ಹಾಗೆ ಹೋಗುವುದು. ಮಾರ್ಲೀನ್ ಥರ್ಮಸ್ಸಿನಲ್ಲಿ ಕಾಫಿ ತೆಗೆದುಕೊಂಡು ಹಿಂದೆಯೇ ಹೋದಳು. ಸುಣ್ಣದ ಕಲ್ಲು ತುಂಬಿದ ಹಡಗೊಂದು ನಿಧಾನವಾಗಿ ಒಳಗೆ ಬರುತ್ತಿತ್ತು.

"ಹಿರಿಯ ತಾನಾಗಿಯೇ ಹೊರಗೆ ಹೋಗ್ತೀನಿ ಅಂತ ಬರ್ಕೊಟ್ರೆ, ಅವನು ತಳ್ಳಿದವ್ರೆಲ್ಲ ಒಂದೊಂದು ಮೆಟ್ಲು ವಾಪಸ್ ಬರ್ತಾರೆ," ಎಂದ ಎರ್ನಿ, ನೀರಿನ ಕಡೆ ನೋಡುತ್ತಾ. "ಡ್ವೇನ್ ಮರಳಿಗೆ. ಕೆಲ್ಸಿ ಕ್ರೇನ್‌ಗೆ. ಹದಿನೈದನೇ ತಾರೀಖಿಗೆ ಮುಂಚೆ ಕೊಟ್ರೆ ಸಾಕು."

"ನಿಂಗೇನ್ ತಲೆ ಕೆಟ್ಟಿದ್ಯಾ? ಹದಿನೇಳು ತಿಂಗಳು ಎರ್ನಿ!"

"ಗೊತ್ತು."

"ಕೈಗೆ ಬಂದ ತುತ್ತು! ಇಪ್ಪತ್ತೆಂಟು ವರ್ಷ ಆ ಧೂಳು ಕುಡಿದಿದೀಯ. ಇನ್ನೇಳು ವರ್ಷ ಕಾದು, ಬರೋದು ಅರ್ಧಾನೂ ಇಲ್ಲ!"

"ಗೊತ್ತು ಅಂದ್ನಲ್ಲ."

"ಮಂಡಿ ಆಪರೇಷನ್ ಯಾರು ಮಾಡಿಸ್ತಾರೆ? ವಿಮೆ ಇರೋದು ನಿನ್ನ ಕೆಲಸದಿಂದ."

"ನಿಮ್ಮ ಶಾಲೆಯವರು ಕೊಡ್ತಾರಲ್ಲ. ನೀನು ಉದ್ದದ ರೂಟ್ ತಗೊಂಡ್ರೆ." ಇದನ್ನು ಹೇಳುವಾಗ ಮಾತ್ರ ಅವನ ದನಿ ತಗ್ಗಿತು. ಜೋಳದ ಹೊಲಗಳ ನಡುವೆ ಐವತ್ತು ಮೈಲಿ ಸುತ್ತುವ ಆ ರೂಟನ್ನು ಬೇಡವೇ ಬೇಡ ಎಂದು ಅವಳು ಹತ್ತೊಂಬತ್ತು ವರ್ಷದಿಂದ ತಪ್ಪಿಸಿಕೊಂಡು ಬಂದಿದ್ದಳು.

"ಅವಳು ಕೇಳಿದ್ಲಾ?"

"ಇಲ್ಲ. ಕೇಳಿದ್ರೆ ಮಾಡ್ತಿರ್ಲಿಲ್ಲವೋ ಏನೋ." ಗಾಳದ ದಾರವನ್ನು ಸುಮ್ಮನೆ ಸುತ್ತಿದ, ಮತ್ತೆ ಬಿಟ್ಟ. "ಅವತ್ತು ಆ ಬ್ರೇಕಿನ ವಿಷಯ ಅವಳು ಬಾಯಿ ಮುಚ್ಕೊಂಡು ಕೂತಿದ್ರೆ ಏನಾಗ್ತಿತ್ತು? ಇನ್ನೊಂದೆರಡು ಸಲ ಹೀಗಾಗಿದ್ರೆ ಡ್ವೇನನ್ನ ಇಳಿಸ್ತಿದ್ರು, ಇವಳನ್ನ ಕರೀತಿದ್ರು. ಅದು ಅವಳಿಗೆ ಹೊಳೀಲಿಲ್ಲ ಅನ್ಕೊಂಡ್ಯಾ? ಹೊಳೀತು. ಮುಖ ನೋಡ್ದೆ ನಾನು. ಆಮೇಲೂ ಹೇಳ್ಕೊಟ್ಲು. ಅವಳ ಜಾಗದಲ್ಲಿ ನಾನಿದ್ದಿದ್ರೆ ಹೇಳ್ತಿದ್ನಾ ಅಂತ ಮೂರು ದಿನದಿಂದ ಯೋಚ್ನೆ ಮಾಡ್ತಿದೀನಿ, ಮಾರ್ಲೀನ್. ಗೊತ್ತಾಗ್ತಿಲ್ಲ."

ಮಾರ್ಲೀನ್‌ಗೆ ಅಳು ಬಂತು. ಮಗಳ ಮೇಲಿನ ಹೆಮ್ಮೆಗೋ, ಈ ಮನುಷ್ಯನ ಮೇಲಿನ ಸಿಟ್ಟಿಗೋ, ಐವತ್ತು ಮೈಲಿಯ ರಸ್ತೆಗೋ ಅವಳಿಗೇ ತಿಳಿಯಲಿಲ್ಲ.

"ಬೇಡ," ಎಂದಳು. "ನಾನು ಒಪ್ಪಲ್ಲ." ಥರ್ಮಸ್ಸು ಅಲ್ಲೇ ಇಟ್ಟು ಮನೆಗೆ ನಡೆದಳು.

ಮರುದಿನವೆಲ್ಲ ಅವನೊಡನೆ ಮಾತಾಡಲಿಲ್ಲ. ಶುಕ್ರವಾರ ಶಾಲೆಯ ಸಾರಿಗೆ ಕಚೇರಿಗೆ ಹೋಗಿ ಉದ್ದದ ರೂಟಿನ ಚೀಟಿಗೆ ಸಹಿ ಹಾಕಿದಳು. ಮೂರೂವರೆಗೆ ಫೌಂಡ್ರಿಯ ಗೇಟಿನ ಮುಂದೆ ಕಾರು ನಿಲ್ಲಿಸಿ, ಹೊರಗೆ ಬಂದ ಗಂಡನಿಗೆ "ಹತ್ತು" ಎಂದಳು. ಯೂನಿಯನ್ ಕಚೇರಿಯ ಎದುರು ನಿಲ್ಲಿಸಿ "ಇಳಿ" ಎಂದಳು. ಅವನು ಒಳಗಿದ್ದ ಇಪ್ಪತ್ತು ನಿಮಿಷವೂ ಸ್ಟೀರಿಂಗ್ ಬಿಗಿಯಾಗಿ ಹಿಡಿದೇ ಕೂತಿದ್ದಳು.

"ಕಾರ್ಯದರ್ಶಿ ಮೂರು ಸಲ ಕೇಳ್ದ, ಕುಡಿದು ಬಂದಿದೀಯಾ ಅಂತ," ಎಂದ ಎರ್ನಿ ಹೊರಗೆ ಬಂದು.

"ನೀನೇನಂದೆ?"

"ಹೆಂಡ್ತಿ ಕರ್ಕೊಂಡು ಬಂದಿದಾಳೆ ಅಂದೆ. ಆಮೇಲೆ ಕೇಳ್ಲಿಲ್ಲ."

ಕೆಲ್ಸಿಗೆ ಸೋಮವಾರ ಕರೆ ಬಂತು. ಮೀನಿನ ವಾಸನೆಯೊಡನೆ ಓಡಿ ಬಂದವಳು ಊಟದ ಮೇಜಿನ ಮುಂದೆ ನಿಂತು ಕೂಗಿದಳು: "ಯಾರ್ ಕೇಳಿದ್ರು ನಿನ್ನ? ನಿನ್ನ ಬೆನ್ನ ಮೇಲೆ ಕಾಲಿಟ್ಟು ಹತ್ತಬೇಕಾ ನಾನು? ನಂಗ್ ಬೇಡ. ವಾಪಸ್ ತಗೋ."

"ಬದಲಾಯ್ಸೋ ಹಾಗಿಲ್ಲ."

"ಹಾಗಾದ್ರೆ ನಾನು ಹೋಗಲ್ಲ!"

"ಹೋಗ್ಬೇಡ. ಇಬ್ರೂ ಮನೇಲಿ ಕೂತು ಅಜ್ಜಿ ಕೈಲಿ ಬೈಸ್ಕೊಳೋಣ," ಎಂದ ಎರ್ನಿ. ಆಮೇಲೆ ಚಮಚ ಕೆಳಗಿಟ್ಟ. "ತಳ್ಳೋದೊಂದೇ ಹಿರಿಯನ ಹಕ್ಕಲ್ಲ ಕಣೆ. ಮೊದಲು ಎದ್ದು ಹೋಗೋದೂ ಅವನ ಹಕ್ಕೇ. ಅದನ್ನೂ ಅದೇ ಪುಸ್ತಕದಲ್ಲಿ ನಾವೇ ಬರೆಸಿದ್ದು. ಆ ಹನ್ನೊಂದು ವಾರ ನಿಂತು ಗಳಿಸಿದ್ರಲ್ಲಿ ಅದೂ ಒಂದು. ಇಷ್ಟು ವರ್ಷ ಒಬ್ರೂ ಮುಟ್ಟಿರ್ಲಿಲ್ಲ, ಅಷ್ಟೇ."

ಕೆಲ್ಸಿ ಮೀನಿನ ವಾಸನೆಯ ಏಪ್ರನ್ ಬಿಚ್ಚಿ ಬಾಗಿಲ ಹಿಂದೆ ನೇತುಹಾಕಿದಳು.

"ತಿನ್ನೇ," ಎಂದಳು ಇಲೋನಾ ಅಜ್ಜಿ, ಎದುರಿನ ಕುರ್ಚಿಯನ್ನು ಊರುಗೋಲಿನಿಂದ ತಳ್ಳಿ. "ಕೈ ತೊಳ್ಕೊಂಡು ಬಂದು ತಿನ್ನು. ಸಿಟ್ಟು ಆಮೇಲೂ ಇರುತ್ತೆ, ಸಾರು ಆರಿಹೋಗುತ್ತೆ."

ಅವಳು ಕ್ರೇನಿನ ಕೆಲಸಕ್ಕೆ ಹೋದಳು. ಹದಿನೈದಕ್ಕೆ ಆಯ್ಕೆಯೂ ಆದಳು, ನಾಲ್ವರಲ್ಲಿ ಮೂರನೆಯವಳಾಗಿ. ಸುದ್ದಿಯನ್ನು ಅಪ್ಪನಿಗೆ ನೇರವಾಗಿ ಹೇಳಲಾರದೆ ಅಜ್ಜಿಗೆ ಹೇಳಿದಳು, ಅಪ್ಪ ಪಕ್ಕದಲ್ಲೇ ಕೂತಿದ್ದ. "ನಿನ್ನ ಮಗನಿಗೆ ಹೇಳಜ್ಜಿ," ಎಂದಳು. "ಕೇಳಿಸ್ಕೊಂಡೆ," ಎಂದ ಎರ್ನಿ.

ಬೇಸಿಗೆ ಎರ್ನಿಗೆ ಕಷ್ಟವಾಯಿತು. ಅಡುಗೆಗೆ ಕೈಹಾಕಿ ತಾಯಿಯಿಂದ ದಿನಾ ಬೈಸಿಕೊಂಡ. ಛಾವಣಿ ಸರಿಮಾಡಿದ, ಬೇಲಿಗೆ ಬಣ್ಣ ಬಳಿದ, ಪಕ್ಕದ ಮನೆಯ ಬೇಲಿಗೂ ಬಳಿದ. ಮೂರೂವರೆಯ ಸೈರನ್ ಕೂಗಿದಾಗ ಏನು ಮಾಡುತ್ತಿದ್ದರೂ ಒಂದು ಕ್ಷಣ ನಿಲ್ಲಿಸುತ್ತಿದ್ದ. ಮಾರ್ಲೀನ್ ಅದನ್ನು ನೋಡಿ ನೋಡಿ ಸಾಕಾಗಿ, ಉದ್ದದ ರೂಟಿಗೆ ಸಣ್ಣ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು ಬೇಕೆಂದು ಶಾಲೆಯವರು ಹೇಳಿದ ದಿನವೇ ಗಂಡನ ಹೆಸರು ಕೊಟ್ಟುಬಂದಳು.

"ಮಕ್ಕಳಿಗೆ ಬೆಲ್ಟು ಹಾಕೋ ಕೆಲಸವಾ?" ಎಂದ ಎರ್ನಿ.

"ಹೂಂ. ಕೂತ್ಕೊಂಡೇ ಮಾಡ್ಬಹುದು. ಹೀಟರೂ ಇದೆ."

ಆಗಸ್ಟ್ ಕೊನೆಯ ವಾರ ಶಾಲೆ ಶುರುವಾಯಿತು. ಮೊದಲ ದಿನ ಬೆಳಿಗ್ಗೆ ಎರ್ನಿ ಕಿತ್ತಳೆ ಬಣ್ಣದ ಹೊಸ ಅಂಗಿ ತೊಟ್ಟು, ಕೂದಲಿಗೆ ನೀರು ಹಚ್ಚಿ ಬಾಚಿ, ಬಸ್ಸಿನ ಮುಂದಿನ ಸೀಟಿನಲ್ಲಿ ಕಿಟಕಿ ಪಕ್ಕ ನೆಟ್ಟಗೆ ಕೂತಿದ್ದ. ಬಸ್ಸು ಫೌಂಡ್ರಿಯ ಗೇಟು ದಾಟಿತು. ಒಳಗೆ ನಿಂತ ಕಾರುಗಳ ಸಾಲಿನಲ್ಲಿ ಕೆಲ್ಸಿಯದೂ ಇತ್ತು. ಮಾರ್ಲೀನ್ ಕನ್ನಡಿಯಲ್ಲಿ ಗಂಡನ ಮುಖ ನೋಡಲಿಲ್ಲ, ರಸ್ತೆಯನ್ನೇ ನೋಡಿದಳು.

ಜೋಳದ ಹೊಲಗಳು ಶುರುವಾಗುವ ತಿರುವಿನಲ್ಲಿ ಆರು ವರ್ಷದ ಒಂದು ಹುಡುಗಿ ಹತ್ತಿತು. ಮುಂದಿನ ಎರಡು ಹಲ್ಲಿಲ್ಲ, ಬೆನ್ನ ಮೇಲೆ ತನಗಿಂತ ದೊಡ್ಡ ಚೀಲ. ಎರ್ನಿಯ ಮುಂದೆ ಬಂದು ನಿಂತು ಅವನನ್ನು ಮೇಲಿಂದ ಕೆಳಗೆ ನೋಡಿತು.

"ನೀನ್ಯಾರು?"

"ಎರ್ನಿ."

"ಈ ಬಸ್ಸಲ್ಲಿ ಎಷ್ಟು ದಿನದಿಂದ ಇದೀಯ?"

"ಇವತ್ತೇ ಮೊದಲು."

"ನಾನು ಹೋದ ವರ್ಷದಿಂದ ಬರ್ತಿದೀನಿ," ಎಂದಿತು ಹುಡುಗಿ. "ಆ ಕಿಟಕಿ ನಂದು."

ಮಾರ್ಲೀನ್ ಬಾಗಿಲು ಮುಚ್ಚಲು ಕೈ ಎತ್ತಿದವಳು ಹಾಗೇ ಕೂತಳು. ಈಗ ಕನ್ನಡಿ ನೋಡದಿರಲು ಆಗಲಿಲ್ಲ. ಎರ್ನಿ ಆ ಮಗುವನ್ನು ನೋಡಿದ. ಆಮೇಲೆ ಎದುರಿನ ಕಂಬಿ ಹಿಡಿದು, ನೋಯುವ ಮಂಡಿಯನ್ನು ನಿಧಾನವಾಗಿ ನೆಟ್ಟಗೆ ಮಾಡಿ ಎದ್ದ.

"ಹಾಗಾದ್ರೆ ನಿಂದೇ ಕಣಮ್ಮ," ಎಂದು ಜಾಗ ಬಿಟ್ಟು, ಅವಳು ಕೂತ ಮೇಲೆ ಬೆಲ್ಟು ಹಾಕಿ, ಹೊರಗಿನ ಕಡೆಯ ಸೀಟಿನಲ್ಲಿ ಕೂತುಕೊಂಡ.